ಅಂಚೆ ಡಬ್ಬಿಗೆ ಬಿದ್ದ ಲಗ್ನಪತ್ರಿಕೆ

ಸಿನಿಮಾದಲ್ಲಿ ತೋರಿಸುವ ಕಾಗದಗಳನ್ನು ಕಂಡರೆ ಶಿಕಾರಿಪುರದ ಸಿದ್ಧಲಿಂಗೇಶನಿಗೆ ಮೈಯೆಲ್ಲ ಉರಿಯುತ್ತಿತ್ತು. ನಾಯಕ ಸತ್ತರೆ ಅವನಿಗೆ ಬೇಸರವಿಲ್ಲ, ಖಳನಾಯಕ ಗೆದ್ದರೆ ಚಿಂತೆಯಿಲ್ಲ. ಆದರೆ ನಾಯಕಿಯ ಕೈಯಲ್ಲಿರುವ ಲಗ್ನಪತ್ರಿಕೆಯಲ್ಲಿ ಮುಹೂರ್ತದ ಸಮಯ ಕಾಣದಿದ್ದರೆ ಟಿವಿಯ ಮುಂದೆ ಎದ್ದು ನಿಂತು ಕೂಗಾಡುತ್ತಿದ್ದ.

"ನೋಡೇ ವಾಣಿ, ಆ ಪೇಪರ್ ನೋಡು! ಮೇಲೆ ಭೀಕರ ಕೊಲೆ ಅಂತ ಐತೆ, ಕೆಳಗೆ ಉಪ್ಪಿನಕಾಯಿ ಹಾಕೋದು ಹೆಂಗೆ ಅಂತ ಬರ್ದಾರೆ. ಜನ ಏನು ಕುರುಡ್ರು ಅಂದ್ಕಂಡಾರಾ?"

"ನಾನು ಅಳೋ ಸೀನ್ ನೋಡ್ತಿದೀನಿ. ಅಡ್ಡ ನಿಂತ್ಕಬ್ಯಾಡ್ರಿ, ಕೂತ್ಕಳ್ರಿ" ಎನ್ನುತ್ತಿದ್ದಳು ಹೆಂಡತಿ ವಾಣಿಶ್ರೀ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಅವನ ಸಿಟ್ಟಿಗೆ ಆಧಾರವಿತ್ತು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವನದೊಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣ, ಸತ್ತವರ ಶಿವಗಣಾರಾಧನೆ, ಎಲ್ಲದರ ಪತ್ರಿಕೆಯೂ ಅಲ್ಲೇ ಆಗಬೇಕು. ತನ್ನ ಕೈ ತಾಗದೆ ಈ ತಾಲ್ಲೂಕಿನಲ್ಲಿ ಯಾರೂ ಕ್ರಮಬದ್ಧವಾಗಿ ಮದುವೆಯಾಗಲಾರರು, ಸರಿಯಾಗಿ ಸಾಯಲಾರರು ಕೂಡ ಎಂಬುದು ಅವನ ನಂಬಿಕೆ.

ಹೀಗಿರುವಾಗ ಹೆಂಡತಿಯ ತಮ್ಮ ಚನ್ನೇಶ್ ಸೊರಬದಿಂದ ಬಂದ. ಅಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ರಿಪೇರಿಗೆ ಬಂದ ಫೋನುಗಳ ಕ್ಯಾಮೆರಾ ಪರೀಕ್ಷಿಸಿ ಪರೀಕ್ಷಿಸಿ ಅವನಿಗೆ ನಿರ್ದೇಶಕನಾಗುವ ಆಸೆ ಹುಟ್ಟಿತ್ತು.

"ಭಾವ, ಒಂದು ಶಾರ್ಟ್ ಫಿಲ್ಮ್ ಮಾಡ್ತಿದೀನಿ. ಹುಡುಗಿಗೆ ಇಷ್ಟ ಇಲ್ದ ಮದುವೆ. ಅವಳು ಪತ್ರಿಕೆ ಹರಿದು ಹಾಕ್ತಾಳೆ. ನೀವು ಒಂದು ಪತ್ರಿಕೆ ಮಾಡಿಕೊಡ್ಬೇಕು. ಎಂತದಾದ್ರೂ ಆಗ್ತದೆ, ದೂರದಿಂದ ಕಾಣದು."

ಆ ಕೊನೆಯ ಮಾತನ್ನು ಚನ್ನೇಶ್ ಆಡಬಾರದಿತ್ತು.

"ಎಂತದಾದ್ರೂ ಆಗ್ತದಾ?" ಸಿದ್ಧಲಿಂಗೇಶ್ ಕುರ್ಚಿಯಿಂದ ಎದ್ದ. "ಲೇ ಚನ್ನೇಶ, ನಾನು ಮಾಡಿದ ಪತ್ರಿಕೆ ನೋಡಿದ ಮನುಷ್ಯ ಹೊಸ ಅಂಗಿ ಹಾಕ್ಕಂಡು ಬಸ್ ಹತ್ತಬೇಕು. ಹಂಗೆ ಇರ್ತೈತೆ. ಹೋಗು."

ಅಂದೇ ಕೆಲಸ ಶುರುವಾಯಿತು. ಬಂಗಾರದ ಅಂಚಿನ ದಪ್ಪ ಕಾಗದ ಆರಿಸಿದ. ಮೇಲೆ ವೀರಭದ್ರೇಶ್ವರ ಪ್ರಸನ್ನ, ಕೆಳಗೆ 'ನಮ್ಮ ಚಿಕ್ಕಮ್ಮನ ಮದುವೆಗೆ ತಪ್ಪದೇ ಬನ್ನಿ' ಎಂದು ಚಿಳ್ಳೆಪಿಳ್ಳೆಗಳ ಹೆಸರು. ಕಾರ್ತಿಕದಲ್ಲೊಂದು ಒಳ್ಳೆಯ ಮುಹೂರ್ತವನ್ನು ಕ್ಯಾಲೆಂಡರಿನಲ್ಲಿ ಹುಡುಕಿ ಹಾಕಿದ. ತೊಡಕಾದದ್ದು ವಧೂವರರ ವಿಚಾರದಲ್ಲಿ. ಚಿತ್ರದ ನಾಯಕಿಯ ಹೆಸರು ನಂದಿನಿ.

"ನಂದಿನಿ ಅಂದ್ರೆ ಜನಕ್ಕೆ ಹಾಲಿನ ಪ್ಯಾಕೆಟ್ ನೆನಪಾಗ್ತೈತೆ" ಎಂದು ಅದನ್ನು ಅಳಿಸಿದ. ಆ ಪಾತ್ರ ಮಾಡುವವಳು ಹೇಗೂ ಅವನ ನಾದಿನಿ ಗಂಗಾಶ್ರೀ, ಸೊರಬದ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಅವಳ ಹೆಸರನ್ನೇ ಹಾಕಿದ. ಅವಳ ಹೆಸರು ಬಂದಮೇಲೆ ತಂದೆಯ ಜಾಗಕ್ಕೆ ಬೇರೆಯವರನ್ನು ತಂದರೆ ಅಸಹ್ಯವಲ್ಲವೇ? ಹೊಸಬಾಳೆಯ ತನ್ನ ಮಾವ ಗಂಗಾಧರಪ್ಪನವರನ್ನೇ ಕೂರಿಸಿದ.

ವರ ಸಿಕ್ಕಿದ್ದು ಕಂಪ್ಯೂಟರಿನ ಹಳೆಯ ಫೈಲಿನಲ್ಲಿ. ತಾಳಗುಂದದ ಅಕ್ಕನಾಗಮ್ಮನವರ ಮಗ ಮಲ್ಲಿಕಾರ್ಜುನನಿಗೆ ಹೋದ ವರ್ಷ ಗೊತ್ತಾಗಿದ್ದ ಸಂಬಂಧ ಮುರಿದು, ಪತ್ರಿಕೆ ಅಚ್ಚಾಗದೆ ಅಲ್ಲೇ ಉಳಿದಿತ್ತು. ಸಿದ್ಧಲಿಂಗೇಶ್ ಬಹಳ ಯೋಚಿಸಿದ. ಮದುವೆಯಂತೂ ಆಗಿಲ್ಲ. ಅಂದಮೇಲೆ ವರ ಖಾಲಿ ಇದ್ದಾನೆ. ಖಾಲಿ ಇರುವವನನ್ನು ಒಂದು ದಿನದ ಮಟ್ಟಿಗೆ ಬಳಸಿಕೊಂಡರೆ ಯಾರಿಗೆ ನಷ್ಟ?

'ಸುಖಾಗಮನ ಬಯಸುವವರು' ಎಂಬಲ್ಲಿ ಮಾತ್ರ ಅವನೊಳಗಿನ ಕಲಾವಿದ ಪೂರ್ತಿ ಎಚ್ಚರಗೊಂಡ. ಹೆಸರುಗಳನ್ನು ದೀಪದ ಕಂಬದ ಆಕಾರದಲ್ಲಿ ಜೋಡಿಸಿದ. ಚಿಕ್ಕ ಹೆಸರುಗಳು ಮೇಲೆ, ಉದ್ದದವು ಕೆಳಗೆ. ಹೀಗಾಗಿ ಗಂಗಾಧರಪ್ಪನವರ ಅಣ್ಣ, ಮನೆತನಕ್ಕೇ ಹಿರಿಯರಾದ ಕುಪ್ಪಗಡ್ಡೆಯ ಪರಮಶಿವಪ್ಪನವರು ದೀಪದ ಬುಡಕ್ಕೆ ಹೋದರು.

"ದೊಡ್ಡಪ್ಪನ ಹೆಸರು ಅಷ್ಟು ಕೆಳಗಾ?" ಎಂದಳು ವಾಣಿಶ್ರೀ.

"ದೀಪ ನೋಡೇ, ದೀಪ! ಹೆಂಗೆ ಬಂದೈತೆ!"

ಲಕೋಟೆಗಳನ್ನೂ ಅವನು ಬಿಡಲಿಲ್ಲ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ. ತನ್ನ ಮದುವೆಯ ಕಾಲದ ವಿಳಾಸಗಳನ್ನು ಹುಡುಕಿ ತೆಗೆದು, ನಂಟರ ಹೆಸರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದ. ಎಲ್ಲಕ್ಕಿಂತ ಮೇಲಿರುವ ಲಕೋಟೆಯಲ್ಲಿ ಕ್ಯಾಮೆರಾಗೆ ಚೆಂದ ಕಾಣುವ ಹೆಸರು ಬೇಕೆಂದು 'ಶ್ರೀಮತಿ ಸರ್ವಮಂಗಳಮ್ಮ, ಕುಪ್ಪಗಡ್ಡೆ' ಎಂದು ಬರೆದ. ಅವರು ಪರಮಶಿವಪ್ಪನವರ ಸೋದರತ್ತೆ, ಅವರ ಮನೆಯಲ್ಲೇ ಇರುವವರು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಕಳುಹಿಸಿದವರ ಜಾಗದಲ್ಲಿ ಗಂಗಾಧರಪ್ಪ, ಹೊಸಬಾಳೆ. ಕೊನೆಗೆ ನಿಜವಾದ ಅಂಚೆಚೀಟಿಗಳನ್ನೇ ತಂದು ಅಂಟಿಸಿದ. ಸುಳ್ಳು ಅಂಚೆಚೀಟಿ ಮಾಡಿದರೆ ಪೊಲೀಸರು ಹಿಡಿಯುತ್ತಾರೆ ಎಂಬಷ್ಟು ವಿವೇಕ ಅವನಿಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಚಿತ್ರೀಕರಣ ಸೊರಬದಲ್ಲಿ ನಡೆಯಿತು. ಗಂಗಾಶ್ರೀ ಊಟದ ವಿರಾಮದಲ್ಲಿ ಬಂದು ನಿಂತಳು. ಕೈಗೆ ಕೊಟ್ಟ ಪತ್ರಿಕೆ ಓದಿದಳು.

"ಭಾವ, ಇದೆಂತದು? ನನ್ನ ಹೆಸರೇ ಹಾಕಿದೀರಲ್ಲ!"

"ನಟನೆ ಸಹಜವಾಗಿ ಬರ್ಲಿ ಅಂತ."

ಅವಳು ಪತ್ರಿಕೆಯನ್ನು ನಾಲ್ಕು ಚೂರು ಮಾಡಿ, ಚೂರುಗಳನ್ನು ಭಾವನ ಮುಖದ ಕಡೆಗೆ ಎಸೆದು ಕಚೇರಿಗೆ ಹೋದಳು. ಚನ್ನೇಶ್ "ಸೂಪರ್! ಒಂದೇ ಟೇಕ್!" ಎಂದು ಕುಣಿದ. ಅದು ನಟನೆಯಲ್ಲವೆಂದು ಕ್ಯಾಮೆರಾಗೆ ತಿಳಿಯಲಿಲ್ಲ.

ಉಳಿದದ್ದು ಕೊನೆಯ ದೃಶ್ಯ. ತಂದೆ ಪತ್ರಿಕೆಗಳ ಕಟ್ಟನ್ನು ಅಂಚೆ ಡಬ್ಬಿಗೆ ಹಾಕಬೇಕು. ತಂದೆಯ ಪಾತ್ರದವನು ಬಾರದ್ದರಿಂದ, ಕೈ ಮಾತ್ರ ಕಂಡರೆ ಸಾಕೆಂದು ಸಿದ್ಧಲಿಂಗೇಶನನ್ನೇ ನಿಲ್ಲಿಸಿದರು.

"ಅರ್ಧ ಒಳಗೆ ಹಿಡೀರಿ ಭಾವ. ನಾನು ಕಟ್ ಅಂದಕೂಡ್ಲೆ ಹೊರಗೆ ತಕ್ಕಳಿ."

ಸಿದ್ಧಲಿಂಗೇಶ್ ಪಾತ್ರದಲ್ಲಿ ಮುಳುಗಿದ. ಮಗಳನ್ನು ಧಾರೆಯೆರೆಯುವ ತಂದೆಯ ಕೈ ಎಷ್ಟು ನಡುಗಬೇಕೋ ಅಷ್ಟು ನಡುಗಿಸಿದ. ಆಮೇಲೆ, ಯಾವ ತಂದೆಯೂ ಪತ್ರಿಕೆಯನ್ನು ಡಬ್ಬಿಯ ಬಾಯಲ್ಲಿ ಹಿಡಿದುಕೊಂಡು ನಿಲ್ಲುವುದಿಲ್ಲವೆಂದು ಅವನಿಗೆ ಹೊಳೆಯಿತು. ಕೈ ಬಿಟ್ಟ.

ಧೊಪ್ಪೆಂದು ಸದ್ದಾಯಿತು.

"ಕಟ್" ಎಂದ ಚನ್ನೇಶ್, ಬಹಳ ಮೆಲ್ಲಗೆ.

ಇಬ್ಬರೂ ಅಂಚೆ ಕಚೇರಿಯೊಳಗೆ ಓಡಿದರು. ಕೌಂಟರಿನಲ್ಲಿದ್ದ ಶ್ರೀನಿವಾಸ ಎಂಬವರು ಕನ್ನಡಕದ ಮೇಲಿನಿಂದ ನೋಡಿದರು.

"ಸಾರ್, ಅದು ನಿಜವಾದ ಪತ್ರಿಕೆ ಅಲ್ಲ, ಸಿನಿಮಾದ್ದು" ಎಂದ ಸಿದ್ಧಲಿಂಗೇಶ್.

"ಸ್ಟಾಂಪು?"

"ಅದು ನಿಜವಾದ್ದು ಸಾರ್."

"ವಿಳಾಸ?"

"ಅದೂ ನಿಜವಾದ್ದೇ."

"ಮತ್ತೆ ಎಂತದು ಮಾರಾಯ್ರೇ ಸುಳ್ಳು? ಡಬ್ಬಿಗೆ ಸಿನಿಮಾ ಯಾವುದು, ಸಂಸಾರ ಯಾವುದು ಅಂತ ಹೇಗೆ ಗೊತ್ತಾಗ್ಬೇಕು?" ಶ್ರೀನಿವಾಸರ ಮೂಗು ಕೆಂಪಾಯಿತು. "ವಾಪಸ್ ಬೇಕಾದ್ರೆ ಕಳಿಸಿದವರು ಬಂದು ಅರ್ಜಿ ಕೊಡ್ಬೇಕು. ಗಂಗಾಧರಪ್ಪ ಅಂದ್ರೆ ನೀವಾ?"

"ನಾನು ಅವರ ಅಳಿಯ."

"ನಾನು ಮಗ" ಎಂದ ಚನ್ನೇಶ್.

"ಹಂಗಾರೆ ಸುಲಭ ಆಯ್ತಲ್ಲ. ಹೋಗಿ ಅವರನ್ನ ಕರ್ಕೊಂಡು ಬನ್ನಿ."

ಅಳಿಯ ಮಗನ ಮುಖ ನೋಡಿದ, ಮಗ ಅಳಿಯನ ಮುಖ ನೋಡಿದ. ಗಂಗಾಧರಪ್ಪನವರು ಸಾರಿಗೆ ಉಪ್ಪು ಕಡಿಮೆಯಾದರೆ ಪಕ್ಕದ ಬೀದಿಗೆ ಕೇಳುವಂತೆ ಕೂಗುವ ಮನುಷ್ಯ. 'ಚನ್ನೇಶ ಹೇಳ್ತಾನೆ' ಎಂದುಕೊಂಡು ಸಿದ್ಧಲಿಂಗೇಶ್ ಶಿಕಾರಿಪುರದ ಬಸ್ ಹತ್ತಿದ. 'ಭಾವ ಹೇಳ್ತಾರೆ' ಎಂದುಕೊಂಡು ಚನ್ನೇಶ್ ಅಂಗಡಿಯ ಬಾಗಿಲು ತೆರೆದ. ಅಂಚೆ ತಡವಾಗುತ್ತದೆಂದು ಜನ ಆಡಿಕೊಳ್ಳುವುದನ್ನು ಇಬ್ಬರೂ ಭಕ್ತಿಯಿಂದ ನಂಬಿದರು. ಇಲಾಖೆ ಆ ವಾರ ಅಪೂರ್ವ ಶ್ರದ್ಧೆಯಿಂದ ಕೆಲಸ ಮಾಡಿತು.

ಮೊದಲ ಫೋನ್ ಪರಮಶಿವಪ್ಪನವರದು.

"ಏನ್ರೀ ಅಳಿಯಂದ್ರೆ, ಪತ್ರಿಕೆ ನಿಮ್ಮ ಅಂಗಡೀದೇ ಅಲ್ವಾ? ಹುಡುಗಿಯ ದೊಡ್ಡಪ್ಪ ನಾನು. ನನ್ನ ಹೆಸರು ಎಲ್ಲಿದೆ?"

"ಇದೆ ದೊಡ್ಡ ಮಾವ, ಕೆಳಗೆ..."

"ಕೆಳಗೆ ಇರೋದು ಕಂಡಿದೆ! ಚಪ್ಪಲಿ ಬಿಡೋ ಜಾಗದಲ್ಲಿ ಕೂರಿಸಿದೀರಿ. ಮದುವೆ ಗೊತ್ತಾದ ವಿಷಯ ಪೋಸ್ಟ್‌ಮ್ಯಾನ್ ಬಂದು ನನಗೆ ಹೇಳ್ಬೇಕಾ? ಅದೂ ಹೋಗ್ಲಿ, ಒಂದೇ ಮನೆಗೆ ಎರಡು ಪತ್ರಿಕೆ! ನನಗೊಂದು, ಸೋದರತ್ತೆಗೊಂದು. ನಮ್ಮನೆ ಪಾಲಾಗಿದೆ ಅಂತ ಊರಿಗೆಲ್ಲ ಸಾರ್ತೀರಾ? ನಾನು ಮದುವೆಗೆ ಬರೋದಿಲ್ಲ!"

"ಬರ್ಬೇಡಿ ದೊಡ್ಡ ಮಾವ" ಎಂದುಬಿಟ್ಟ ಸಿದ್ಧಲಿಂಗೇಶ್. ಮದುವೆಯೇ ಇಲ್ಲ ಎಂಬ ಅರ್ಥದಲ್ಲಿ ಹೇಳಿದ್ದು. ಆ ಅರ್ಥವನ್ನು ಬಿಡಿಸುವ ಮೊದಲೇ ಆ ಕಡೆ ಫೋನ್ ಕುಕ್ಕಿದ ಸದ್ದಾಯಿತು.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ನಿಂತಿತು. ಇಳಿದವರು ತಾಳಗುಂದದ ಅಕ್ಕನಾಗಮ್ಮ. ಕೈಯಲ್ಲಿ ತಮ್ಮ ಬೀದಿಯ ಯಾರಿಗೋ ಬಂದಿದ್ದ ಪತ್ರಿಕೆ, ಹಿಂದೆ ಮಗ ಮಲ್ಲಿಕಾರ್ಜುನ್.

"ಇವನ್ಯಾರು?" ಎಂದು ಪತ್ರಿಕೆಯಲ್ಲಿ ವರನ ಹೆಸರಿನ ಮೇಲೆ ಬೆರಳು ಕುಟ್ಟಿದರು.

"ನಿಮ್ಮ ಮಗ."

"ಇವರ ತಾಯಿ ಅಂತ ಬರ್ದೀಯಲ್ಲ, ಅದ್ಯಾರು?"

"ನೀವು."

"ನನ್ನ ಮಗನ ಮದುವೀನ ನನಗೇ ತಿಳೀದಂಗೆ ಮಾಡಾಕೆ ಹೊಂಟೀಯಲ್ಲೋ, ಮನೆಹಾಳ! ನಿನ್ನೆಯಿಂದ ಬೀದಿ ಹೆಣ್ಮಕ್ಕಳೆಲ್ಲ ಬಂದು 'ನಮಗೆ ಹೇಳ್ಲೇ ಇಲ್ಲ' ಅಂತ ಮುಖ ತಿರುವ್ತಾ ಅದಾರೆ. ಇವನ್ನ ಹಿಡ್ಕಂಡು ಹೊಡ್ದೆ, ಯಾವಳೋ ಅವಳು ಅಂತ. ಅಮ್ಮ ನಂಗೂ ಗೊತ್ತಿಲ್ಲ ಅಂತಾನೆ!"

ಮಲ್ಲಿಕಾರ್ಜುನ್ ಕೆನ್ನೆ ಸವರಿಕೊಂಡ.

"ಅಮ್ಮಾ, ಆ ಮದುವೆ ಇಲ್ಲ. ಸಿನಿಮಾಕ್ಕೆ..."

"ಇಲ್ಲಾ?" ಅಕ್ಕನಾಗಮ್ಮನ ದನಿ ಇನ್ನೂ ಒಂದು ಮೆಟ್ಟಿಲು ಏರಿತು. "ಇದೂ ಮುರೀತಾ? ನನ್ನ ಮಗನಿಗೆ ಏನು ಕಡಿಮೆ ಆಗೈತಿ ಅಂತ ಮುರ್ಕಂಡ್ರು?"

ಅಂದು ಸಿದ್ಧಲಿಂಗೇಶ್ ಇನ್ನೊಂದು ದಡ್ಡತನ ಮಾಡಿದ. ಗಂಡ ಹೆಂಡತಿ ಇಬ್ಬರೂ ಕೂತು ನಂಟರಿಗೆಲ್ಲ ಫೋನ್ ಮಾಡಿ 'ಮದುವೆ ಇಲ್ಲ' ಎಂದು ತಿಳಿಸಿದರು. ಇರದ ಮದುವೆಯನ್ನು ಇಲ್ಲವೆನ್ನುವುದು ಎಷ್ಟು ಅಪಾಯವೆಂದು ಆಗ ತಿಳಿಯಿತು. ಕೇಳಿದವರೆಲ್ಲ ದನಿ ತಗ್ಗಿಸಿ, "ಅಯ್ಯೋ, ಯಾಕೆ ನಿಂತೋಯ್ತು? ಹುಡುಗಿ ಕಡೆಯಿಂದಲಾ?" ಎಂದರು. ಸಂಜೆಯ ಹೊತ್ತಿಗೆ ಗಂಗಾಶ್ರೀಗೆ ಬೇರೆ ಯಾರೋ ಇದ್ದಾನಂತೆ ಎಂದಾಯಿತು. ಮಾರನೆಯ ದಿನಕ್ಕೆ ಅವನಿಗೊಂದು ಊರೂ ಕೆಲಸವೂ ಹುಟ್ಟಿದವು. ಸಹಕಾರ ಸಂಘದ ಕೌಂಟರಿನಲ್ಲಿ ಜನ ಚಲನ್ ಕೊಟ್ಟು ಅವಳನ್ನು ಅಯ್ಯೋ ಪಾಪ ಎಂಬಂತೆ ನೋಡತೊಡಗಿದರು. ಗೊತ್ತೇ ಆಗದ ಮದುವೆ ಮುರಿದ ಹುಡುಗಿಯಾಗಿ ಅವಳು ಊರಿನಲ್ಲಿ ಓಡಾಡಬೇಕಾಯಿತು.

ಭಾನುವಾರ ಹೊಸಬಾಳೆಯಲ್ಲಿ ಗಂಗಾಧರಪ್ಪನವರ ಪಡಸಾಲೆ ತುಂಬಿತ್ತು. ಅಕ್ಕನಾಗಮ್ಮ ಮಗನೊಂದಿಗೆ ನ್ಯಾಯ ಕೇಳಲು ಬಂದಿದ್ದರು. ಪರಮಶಿವಪ್ಪ ಅವಮಾನದ ಲೆಕ್ಕ ಒಪ್ಪಿಸಲು ಬಂದಿದ್ದರು. ಗಂಗಾಧರಪ್ಪನವರು ಬಾಗಿಲಲ್ಲೇ ಅಳಿಯನನ್ನು ಹಿಡಿದರು.

"ಸಿನಿಮಾ ಅಂತೆ, ಸಿನಿಮಾ! ಅಳಿಯ ಅಂತ ಇಷ್ಟು ದಿನ ಮಣೆ ಹಾಕಿದ್ದಕ್ಕೆ ಇದಾ? ನನ್ನ ಹೆಸರಲ್ಲಿ ಮದುವೆ ಕರೆಯೋಕೆ ನಾನು ಸತ್ತಿದೀನಾ? ನಿನ್ನ ಕಂಪ್ಯೂಟರ್ ತಂದು ಬಾವಿಗೆ ಹಾಕ್ತೀನಿ! ಎಲ್ಲಿ ಅವನು ಚನ್ನೇಶ?"

ಚನ್ನೇಶ್ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅವನು ಆ ಕೆಲಸ ಮಾಡಿದ್ದನ್ನು ಅದುವರೆಗೆ ಹಸುವೂ ಕಂಡಿರಲಿಲ್ಲ.

ಪಡಸಾಲೆಯಲ್ಲಿ ಮೂವರು ಹಿರಿಯರು ಒಟ್ಟಿಗೆ ಕೂಗುತ್ತಿದ್ದರು. ಸಿದ್ಧಲಿಂಗೇಶ್ ಕಂಬಕ್ಕೆ ಅಂಟಿಕೊಂಡು ನಿಂತಿದ್ದ. ಒಳಗೊಳಗೇ ಅವನಿಗೂ ಕೋಪವಿತ್ತು. ಇಷ್ಟು ಜನ ಪತ್ರಿಕೆಯನ್ನು ನಿಜವೆಂದು ನಂಬಿದ್ದಾರೆ, ಒಬ್ಬರ ಬಾಯಲ್ಲೂ 'ಎಷ್ಟು ಚೆನ್ನಾಗಿ ಮಾಡಿದೀಯಪ್ಪಾ' ಎಂಬ ಮಾತಿಲ್ಲ.

ಕೂಗಿ ಕೂಗಿ ದಣಿದು ಅಕ್ಕನಾಗಮ್ಮ ನೀರು ಕೇಳಿದರು. ಕುಡಿದು ಲೋಟ ಕೆಳಗಿಟ್ಟು, ಮಾಮೂಲಿ ದನಿಯಲ್ಲಿ, "ಹುಡುಗಿ ಏನು ಮಾಡ್ತಾಳೆ?" ಎಂದರು.

"ಸೊರಬದ ಸೊಸೈಟಿಯಲ್ಲಿ ಕೆಲಸ" ಎಂದರು ಗಂಗಾಧರಪ್ಪ.

"ಹೌದಾ?"

"ಹುಡುಗಂದು?" ಎಂದು ಗಂಗಾಧರಪ್ಪ ಕೇಳಿದರು.

"ಮೆಕ್ಕೆಜೋಳದ ವ್ಯಾಪಾರ. ಎರಡು ಗೋಡೌನ್ ಅದಾವೆ."

ಪಡಸಾಲೆಯ ಗಾಳಿಯೇ ಬದಲಾಯಿತು. ಪರಮಶಿವಪ್ಪ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. "ಮುಹೂರ್ತ ಏನೋ ಚೆನ್ನಾಗಿಯೇ ಇದೆ. ಪತ್ರಿಕೆ ಹೇಗೂ ಮುಟ್ಟಿದೆ. ನನ್ನ ಹೆಸರೊಂದು ಮೇಲೆ ಹಾಕಿ ಮತ್ತೆ ಪ್ರಿಂಟ್ ಹಾಕಿಸಿದ್ರೆ ಆಯ್ತಪ್ಪ."

"ನಾಲ್ಕು ಜನದ ಬಾಯೂ ಮುಚ್ತದೆ" ಎಂದರು ಗಂಗಾಧರಪ್ಪ.

"ಈವತ್ತೇ ಮಾಡಿಕೊಡ್ತೀನಿ!" ಸಿದ್ಧಲಿಂಗೇಶ್ ಕಂಬ ಬಿಟ್ಟು ಮುಂದೆ ಬಂದ. ಅವನಿಗೆ ಜೀವ ಬಂದಂತಾಗಿತ್ತು. "ದೀಪದ ಬದಲು ಗೋಪುರದ ಆಕಾರ ಮಾಡ್ತೀನಿ ದೊಡ್ಡ ಮಾವ, ನೀವು ಕಳಸದಲ್ಲಿರ್ತೀರಿ."

ಆಗ ಗಂಗಾಶ್ರೀ ಒಳಗಿನಿಂದ ಕಾಫಿಯ ತಟ್ಟೆ ಹಿಡಿದು ಬಂದಳು. ಎಲ್ಲರೂ ಒಟ್ಟಿಗೆ ಅವಳನ್ನು ನೋಡಿ ನಕ್ಕರು. ಹೆಣ್ಣು ನೋಡುವ ನಗು ಯಾವುದೆಂದು ಯಾವ ಹೆಣ್ಣುಮಗಳಿಗೂ ಯಾರೂ ಹೇಳಿಕೊಡಬೇಕಿಲ್ಲ. ಅವಳು ತಟ್ಟೆಯನ್ನು ನೆಲದ ಮೇಲೆ ಕುಕ್ಕಿದಳು. ಕಾಫಿ ಚೆಲ್ಲಿ ಪರಮಶಿವಪ್ಪನವರ ಪಂಚೆಗೆ ಸಿಡಿಯಿತು.

"ಒಬ್ರಾದ್ರೂ ನನ್ನ ಕೇಳಿದ್ರಾ?" ಎಂದಳು. "ಭಾವ ತಿಳೀದೆ ಮಾಡಿದ್ರು, ಅದು ಪೆದ್ದುತನ. ನೀವು ತಿಳಿದೂ ತಿಳಿದೂ ಮಾಡ್ತಿದೀರಲ್ಲ, ಇದಕ್ಕೆ ಎಂತ ಹೇಳ್ಬೇಕು? ವಾರದಿಂದ ನಾನು ಕೌಂಟರಿನಲ್ಲಿ ಹೇಗೆ ಕೂತಿದೀನಿ ಅಂತ ಯಾರಾದ್ರೂ ವಿಚಾರಿಸಿದ್ರಾ? ದೊಡ್ಡಪ್ಪಂಗೆ ಹೆಸರು ಎಲ್ಲಿದೆ ಅಂತ ಚಿಂತೆ, ಅಪ್ಪಂಗೆ ಜನರ ಬಾಯಿಯ ಚಿಂತೆ!" ಅವಳು ಮಲ್ಲಿಕಾರ್ಜುನನ ಕಡೆ ತಿರುಗಿದಳು. "ನಿಮ್ಮನ್ನಾದ್ರೂ ಕೇಳಿದ್ರೇನ್ರೀ?"

"ಹೋದ ವರ್ಷಾನೂ ಕೇಳಿರ್ಲಿಲ್ಲ" ಎಂದ ಮಲ್ಲಿಕಾರ್ಜುನ್. ಆ ದಿನ ಅವನು ಆಡಿದ್ದು ಅದೊಂದೇ ಮಾತು. ಆಡಿದ ಮೇಲೆ ತಾಯಿಗಿಂತ ಮೊದಲೇ ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ.

ಗಂಗಾಧರಪ್ಪನವರ ಬಾಯಿ ಕೂಗಲೆಂದು ತೆರೆದದ್ದು ಹಾಗೆಯೇ ನಿಂತಿತು. ಅವರಿಗೆ ಎದುರುತ್ತರ ಬಂದದ್ದು ಆ ಮನೆಯಲ್ಲಿ ಅದೇ ಮೊದಲು. ಗಂಗಾಶ್ರೀ ಸಿದ್ಧಲಿಂಗೇಶನ ಎದುರು ಬಂದು ನಿಂತಳು.

"ಮತ್ತೆ ಪ್ರಿಂಟ್ ಹಾಕೋದಲ್ಲ ಭಾವ. ಕಳಿಸಿದ ಒಂದೊಂದು ಪತ್ರಿಕೇನೂ ಮನೆಮನೆಗೆ ಹೋಗಿ ಕೈಯಾರೆ ವಾಪಸ್ ತರ್ಬೇಕು. ಫೋನ್ ಅಲ್ಲ, ಪೋಸ್ಟ್ ಅಲ್ಲ. ಪೆದ್ದುತನ ಮಾಡಿದ್ದು ನಾನು, ಹುಡುಗೀದು ಎಂತದೂ ಇಲ್ಲ ಅಂತ ನಿಮ್ಮ ಬಾಯಿಂದ್ಲೇ ಹೇಳಿ ಬರ್ಬೇಕು. ಅಲ್ಲೀವರೆಗೆ ನನ್ನ ಹತ್ರ ಮಾತಾಡ್ಬೇಡಿ."

ಮಾರನೆಯ ದಿನ ಬೆಳಗಾಗುತ್ತಲೇ ಸಿದ್ಧಲಿಂಗೇಶ್ ಬೈಕ್ ಹತ್ತಿದ. ಚನ್ನೇಶನನ್ನು ಹಿಂದೆ ಕೂರಿಸಿಕೊಂಡು ಹೋದದ್ದು ಬೈಗುಳದಲ್ಲಿ ಪಾಲುದಾರ ಇರಲೆಂದು. ಆದರೆ ಪ್ರತಿ ಮನೆಯ ಬಾಗಿಲಲ್ಲೂ ಚನ್ನೇಶನಿಗೆ ಒಂದು ತುರ್ತು ಕರೆ ಬರುತ್ತಿತ್ತು. ಒಂದು ಮನೆಯಲ್ಲಿ, "ನಿಮ್ಮ ಮದುವೆಗೆ ಅಂತ ಮೆಕ್ಕೆಜೋಳ ಮುರಿಯೋದು ಮುಂದಕ್ಕೆ ಹಾಕಿದ್ವಿ. ಈಗ ಆಳು ನೀನು ಕರ್ಕೊಂಡು ಬರ್ತೀಯಾ?" ಎಂದು ಬೆನ್ನಟ್ಟಿದರು. ಇನ್ನೊಂದು ಮನೆಯ ಯಜಮಾನಿ, "ಹೊಸ ಸೀರೆಗೆ ಫಾಲ್ ಹಚ್ಚಿಸಿ ಆಯ್ತಲ್ರೀ" ಎಂದು ಅತ್ತೇಬಿಟ್ಟರು. ಮತ್ತೊಂದೆಡೆ ಪತ್ರಿಕೆಯ ಹಿಂದೆ ಹಾಲಿನ ಲೆಕ್ಕ ಬರೆದಿದ್ದರು. ಅವನು ಎಲ್ಲ ಕಡೆಯೂ ಕೈಮುಗಿದು, "ತಪ್ಪು ನಂದು, ಹುಡುಗೀದು ಏನೂ ಇಲ್ಲ" ಎಂದ. ಮೊದಮೊದಲು ಅದನ್ನು ಗಿಣಿಯಂತೆ ಹೇಳುತ್ತಿದ್ದ. ಒಂದು ಮನೆಯ ಮುದುಕ ಕಣ್ಣು ಮಿಟುಕಿಸಿ, "ಹಂಗಾರೆ ಆ ಇನ್ನೊಬ್ಬ ಹುಡುಗ ಯಾರಂತೆ?" ಎಂದಾಗ ಮಾತ್ರ ಅವನಿಗೆ ರೇಗಿತು. "ಯಾರೂ ಇಲ್ಲ ಅಂದ್ನಲ್ರೀ! ನಮ್ಮ ಹುಡುಗಿ ಬಗ್ಗೆ ಇನ್ನೊಂದು ಮಾತಾಡಿದ್ರೆ ಸರಿ ಇರಲ್ಲ!" ಎಂದು ಅಂಗಳ ಅದುರುವಂತೆ ಕೂಗಿದ. ಕಾಗದದ ವಿಚಾರ ಬಿಟ್ಟು ಬೇರೆ ಯಾವುದಕ್ಕಾದರೂ ಅವನಿಗೆ ಅಷ್ಟು ಸಿಟ್ಟು ಬಂದದ್ದು ಬಹಳ ವರ್ಷಗಳ ಮೇಲೆ.

ಕೊನೆಯ ಮನೆ ಕುಪ್ಪಗಡ್ಡೆಯದು. ಪರಮಶಿವಪ್ಪ ತಮ್ಮ ಪತ್ರಿಕೆಯನ್ನು ಮಾತಿಲ್ಲದೆ ಎಸೆದು ಪೇಟೆಗೆ ಹೊರಟುಹೋದರು. ಸರ್ವಮಂಗಳಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅಜ್ಜಿ, ನಿಮ್ಮ ಪತ್ರಿಕೆ..."

"ಕೊಡೋದಿಲ್ಲ."

"ಅಜ್ಜಿ, ಅದು ಸುಳ್ಳು ಮದುವೆ."

"ಪತ್ರಿಕೆ ಸುಳ್ಳಾ?" ಅಜ್ಜಿ ಎದ್ದು, ದೇವರ ಗೂಡಿನಿಂದ ಲಕೋಟೆ ತಂದು ಅವನ ಮೂಗಿಗೆ ಹಿಡಿದರು. "ಓದು. ಯಾರ ಹೆಸರು ಅದೆ?"

"ಶ್ರೀಮತಿ ಸರ್ವಮಂಗಳಮ್ಮ."

"ಈ ಮನೆಗೆ ಎಷ್ಟು ಪತ್ರಿಕೆ ಬಂದಿಲ್ಲ! ಎಲ್ಲದರ ಮೇಲೂ ಪರಮಶಿವಪ್ಪ ಮತ್ತು ಕುಟುಂಬದವರು. ಆ ಕುಟುಂಬದವರು ಅನ್ನೋದ್ರಲ್ಲಿ ನಾನೂ ಇದೀನಿ ಅಂತ ಒಬ್ರೂ ಕರ್ಕೊಂಡು ಹೋಗ್ಲಿಲ್ಲ. ಮನೆ ಕಾಯೋಕೆ ಬಿಟ್ಟು ಹೋಗ್ತಾರೆ. ನನ್ನ ಹೆಸರಿಗೆ ಅಂತ ಬಂದಿದ್ದು ಇದೊಂದು. ಮದುವೆ ಸುಳ್ಳಾದ್ರೆ ಅದು ನಿನ್ನ ಪಾಪ. ಪತ್ರಿಕೆ ನಂದು. ಮುಟ್ಟಿದ್ರೆ ನೋಡು!"

ಕ್ಯಾಮೆರಾಗೆ ಚೆಂದ ಕಾಣುತ್ತದೆಂದು ಬರೆದ ಹೆಸರು ಅದು. ಸಿದ್ಧಲಿಂಗೇಶ್ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ಇಟ್ಕಳ್ಳಿ ಅಜ್ಜಿ" ಎಂದು ತಲೆ ತಗ್ಗಿಸಿ ಹೊರಟ.

"ನಿಂತ್ಕೋ" ಎಂದು ಅಜ್ಜಿ ಗದರಿದರು. ಒಳಗೆ ಹೋಗಿ, ಟ್ರಂಕಿನ ಮುಚ್ಚಳ ತೆರೆದು ಮುಚ್ಚಿದ ಸದ್ದಾಯಿತು. ಹೊರಗೆ ಬಂದು ಅವನ ಕೈಗೆ ಒಂದು ಹಸಿರು ರವಿಕೆ ಕಣ ತುರುಕಿದರು. "ಮದುವೆಗೆ ಅಂತ ತರಿಸಿದ್ದೆ. ಮದುವೆ ಇಲ್ಲದಿದ್ರೆ ಹುಡುಗಿ ಇಲ್ವಾ? ಅವಳಿಗೆ ಕೊಡು. ಹೊಲಿಸ್ಕೊಳ್ಳೋಕೆ ಹೇಳು, ಪೆಟ್ಟಿಗೇಲಿ ಇಡೋಕಲ್ಲ."

ಸಂಜೆ ಕಚೇರಿ ಬಿಡುವ ಹೊತ್ತಿಗೆ ಸಿದ್ಧಲಿಂಗೇಶ್ ಸೊರಬದಲ್ಲಿ ಗಂಗಾಶ್ರೀಯ ಎದುರು ನಿಂತ. ಪತ್ರಿಕೆಗಳ ಕಟ್ಟನ್ನು ಕೊಟ್ಟ. ಅವಳು ಒಂದೊಂದೇ ಮಗುಚಿ ನೋಡಿದಳು.

"ಸರ್ವಮಂಗಳಜ್ಜೀದು?"

ಅವನು ರವಿಕೆ ಕಣ ಚಾಚಿದ. ನಡೆದದ್ದನ್ನು, ಅಜ್ಜಿ ಬೈದದ್ದನ್ನೂ ಸೇರಿಸಿ, ಹೇಳಿದ. ಅವಳು ಕೇಳುತ್ತಲೇ ಬಟ್ಟೆಯನ್ನು ಬಿಡಿಸಿ, ಬೀದಿಯ ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಸವರಿದಳು.

"ನಿಮ್ಮ ಮೇಲಿನ ಸಿಟ್ಟು ಇಳಿದಿದೆ ಅಂತ ತಿಳ್ಕೋಬೇಡಿ ಭಾವ" ಎಂದಳು.

"ಇಲ್ಲಮ್ಮ, ತಿಳ್ಕಂಡಿಲ್ಲ."

"ಗಾಡಿ ಸ್ಟಾರ್ಟ್ ಮಾಡಿ. ಟೈಲರ್ ಅಂಗಡಿ ಇನ್ನೂ ತೆರೆದಿರ್ತದೆ."